ಹುಟ್ಟೂರಿನ ಕಡಲಿನಲ್ಲಿ ಒಂದು ದಿನ

ರೋಹಿಣಿಯಲ್ಲಿ ಬೆಳೆದ ನಮ್ಮ ಮಕ್ಕಳು ಸಮುದ್ರವನ್ನು ಕಂಡವರಲ್ಲ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರಿ ದ್ವೀಪಕ್ಕೆ ಹೊರಟೆವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಅಗಲುವ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು, ಬಿರಿದು, ಅಲ್ಲಿ ಮೂಲೆಮೂಲೆಯ ಕಲ್ಲುಕಂಬಗಳಾಗಿ ನಿಂತಿದೆ. ಕಲ್ಲಿನ ಸಂದಿಯಲ್ಲಿ ಏಡಿಯನ್ನೂ ಆಕಾಶದಲ್ಲಿ ಬಿಳಿ ಎದೆಯ ಗರುಡನನ್ನೂ ಕಂಡು ಮಕ್ಕಳು ಕುಣಿದರು.

ಬಾಲ್ಯದಲ್ಲಿ ಈಜಿದ ಕಡಲೆಂಬ ಸಲಿಗೆಯಿಂದ ನಾವು ಕಾವಲುಗಾರನು ತೋರಿಸಿದ ಎಲ್ಲೆಯನ್ನು ದಾಟಿದೆವು. ಅಲೆಯೊಂದು ಬಂಡೆಗೆ ಅಪ್ಪಳಿಸಿತು. ಆತನ ಸೀಟಿ ಕೇಳಿ ಏದುಸಿರು ಬಿಡುತ್ತ ಮರಳಿದಾಗ ಮೊಣಕಾಲಿನಲ್ಲಿ ರಕ್ತ, ದಡದಲ್ಲಿ ಮಕ್ಕಳ ಅಳು! ಹತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಕುಳಿತ ಮೈಗೆ ಈಜು ಮರೆತಿತ್ತು.

ಊರಿಗೆ ಹೋಗುವ ಬಂಧುಗಳೇ, ಮಳೆಗಾಲ ಕಳೆದ ಮೇಲೆ ದ್ವೀಪವನ್ನು ತಪ್ಪದೆ ನೋಡಿ ಬನ್ನಿ. ಆದರೆ ಎಲ್ಲೆಯೊಳಗೇ ಈಜಿರಿ.