ಹಿತ್ತಿಲಿನಲ್ಲಿ ಈರುಳ್ಳಿಯೂ ನಿಂಬೆಯೂ

ಮನೆಯ ಹಿತ್ತಿಲಿನಲ್ಲಿ ಈರುಳ್ಳಿ ಬೆಳೆದವರಿಂದ ಆಗಾಗ ಕೇಳಿಬರುವ ದೂರು, ಎಲೆಗಳು ಸೊಂಪಾಗಿ ಬೆಳೆದರೂ ಗೆಡ್ಡೆ ಕಟ್ಟಲಿಲ್ಲವೆಂಬುದು. ನಿಂಬೆ ನೆಟ್ಟವರ ದೂರು, ಚೆನ್ನಾಗಿದ್ದ ಗಿಡದ ಬುಡದಲ್ಲಿ ಅಂಟು ಸೋರಿ, ಎಲೆ ಹಳದಿಯಾಗಿ ಒಣಗಿತೆಂಬುದು. ಎರಡಕ್ಕೂ ಔಷಧ ಸಿಂಪಡಿಸುವುದೇ ಮದ್ದೆಂದು ಅನೇಕರು ಬಗೆಯುತ್ತಾರೆ. ಆದರೆ ಪರಿಶೀಲಿಸಿದರೆ, ಈ ತೊಡಕುಗಳ ಮೂಲವು ಬೆಳಕು ಮತ್ತು ನೀರುಗಳ ವಿಷಯದಲ್ಲಿ ನಾವು ಮಾಡುವ ತಪ್ಪಿನಲ್ಲಿಯೇ ಬಹುಮಟ್ಟಿಗೆ ಕಂಡುಬರುತ್ತದೆ.

ಈರುಳ್ಳಿಯ ಗೆಡ್ಡೆಯು ಬೇರಲ್ಲ. ಆಹಾರ ತುಂಬಿಕೊಂಡು ದಪ್ಪವಾದ ಎಲೆಬುಡಗಳ ಸಮೂಹ. ಅದು ಕಟ್ಟಲು ತೊಡಗುವುದು ಮುಖ್ಯವಾಗಿ ದಿನಮಾನವನ್ನು ಅನುಸರಿಸಿ. ಉಷ್ಣತೆಯೂ ಇದಕ್ಕೆ ನೆರವಾಗುತ್ತದೆ. ಸಸ್ಯಗಳು ಹಗಲಿನ ಉದ್ದಕ್ಕೆ ಸ್ಪಂದಿಸುತ್ತವೆಂಬುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಉತ್ತರ ಯೂರೋಪಿನ ತಳಿಗಳಿಗೆ ಸುಮಾರು 14ರಿಂದ 16 ಗಂಟೆಗಳ ಹಗಲು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆಗಳನ್ನು ಮುಟ್ಟುವುದಿಲ್ಲ. ಆದುದರಿಂದ ಅಂತಹ ಬೀಜವು ಇಲ್ಲಿ ಎಲೆಯನ್ನು ಕೊಡುವುದೇ ಹೊರತು ಗೆಡ್ಡೆಯನ್ನಲ್ಲ. ಬಳ್ಳಾರಿ ಕೆಂಪು, ಅರ್ಕಾ ಕಲ್ಯಾಣ್ ಮುಂತಾದ ನಮ್ಮ ನಾಡಿನ ತಳಿಗಳು ಸುಮಾರು 12 ಗಂಟೆಗಳ ಹಗಲಿನಲ್ಲಿಯೇ ಗೆಡ್ಡೆ ಕಟ್ಟುತ್ತವೆ. ಆದರೆ ಮರದ ನೆರಳಿನಲ್ಲಿ ಎಲೆಗಳು ಸಾಕಷ್ಟು ಆಹಾರ ತಯಾರಿಸಲಾರವು. ಗೆಡ್ಡೆ ಗೋಲಿಯಷ್ಟೇ ಉಳಿಯುತ್ತದೆ.

ಅಡುಗೆಮನೆಯಲ್ಲಿ ಮೊಳೆತ ಈರುಳ್ಳಿಯನ್ನು ನೆಡುವವರೂ ಉಂಟು. ಈರುಳ್ಳಿಯು ಸ್ವಭಾವತಃ ದ್ವಿವಾರ್ಷಿಕ ಸಸ್ಯ. ಒಮ್ಮೆ ಗೆಡ್ಡೆ ಕಟ್ಟಿದುದು ಮತ್ತೆ ನೆಟ್ಟಾಗ ಸಾಮಾನ್ಯವಾಗಿ ಒಡೆಯುತ್ತದೆ, ತಂಪು ದೊರೆತರೆ ಹೂದಂಟು ಬಿಡುತ್ತದೆ. ಇದು ರೋಗವಲ್ಲ, ಬೀಜೋತ್ಪಾದನೆಯ ಕ್ರಮವೇ ಆಗಿದೆ.

ಇನ್ನು ನೀರಿನ ವಿಚಾರ. ಈರುಳ್ಳಿಯ ಬೇರು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಅದಕ್ಕೆ ಅಲ್ಪ ನೀರನ್ನು ಆಗಾಗ ಹಾಯಿಸಬೇಕು. ನಿಂಬೆಯ ಬುಡಕ್ಕೆ ಇದೇ ಅಪಾಯ. ನೆನೆದ ಮಣ್ಣಿನಲ್ಲಿ ಬೇರುಗಳಿಗೆ ಆಮ್ಲಜನಕ ಸಾಲದು. ಅಲ್ಲದೆ ಫೈಟಾಫ್ಥೊರ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ನೀರಿನಲ್ಲಿ ಈಜಿ ಬಂದು ಬೇರನ್ನೂ ತೊಗಟೆಯನ್ನೂ ಮುತ್ತುತ್ತವೆ. ಅಂಟು ಸೋರುವುದು ಇದರ ಲಕ್ಷಣ. ಗಿಡದ ಪಾತಿಯಲ್ಲಿಯೇ ಈರುಳ್ಳಿ ನೆಟ್ಟು ದಿನವೂ ನೀರೆರೆಯುವವರು ಸುಮಾರು ನಾಲ್ಕು ತಿಂಗಳ ಬೆಳೆಗಾಗಿ ಹಲವು ವರ್ಷ ಫಲ ಕೊಡಬೇಕಾದ ಮರವನ್ನು ಕಳೆದುಕೊಳ್ಳುವ ಸಂಭವವುಂಟು. ಈರುಳ್ಳಿಗೂ ಅತಿ ತೇವ ಹಿತವಲ್ಲ. ಎಲೆಗಳು ಬಹುಕಾಲ ಒದ್ದೆಯಾಗಿದ್ದರೆ ನೇರಳೆ ಮಚ್ಚೆ ರೋಗ ಹಬ್ಬುತ್ತದೆ. ಒಣ ಹವೆಯಲ್ಲಿ ಎಲೆಗಳ ಮೇಲೆ ಬೆಳ್ಳಿಯ ಗೆರೆಗಳು ಕಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ.

ಪರಿಹಾರವು ತೋಟದ ವಿನ್ಯಾಸದಲ್ಲಿಯೇ ಇದೆ. ನಿಂಬೆಯ ಬುಡದ ಸುತ್ತ ಮಣ್ಣನ್ನು ಇಳಿಜಾರಾಗಿ ಏರಿಸಿ, ನೀರು ಕಾಂಡಕ್ಕೆ ತಾಗದಂತೆ ಅದರಾಚೆ ಉಂಗುರಾಕಾರದ ಪಾತಿ ಮಾಡಬೇಕು. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿಗಿಂತ ಒಂದು ಗೇಣಿನಷ್ಟಾದರೂ ಮೇಲಿರಬೇಕು. ಈರುಳ್ಳಿಯ ಮಡಿಯು ಕೊಂಬೆಗಳ ವ್ಯಾಪ್ತಿಯ ಹೊರಗಿರಲಿ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಮರದ ದಕ್ಷಿಣ ಭಾಗವೇ ಲೇಸು. ಎಲೆಗಳು ಕತ್ತಿನಲ್ಲಿ ಬಾಗಿ ಬೀಳತೊಡಗಿದೊಡನೆ ನೀರನ್ನು ನಿಲ್ಲಿಸಿದರೆ ಗೆಡ್ಡೆ ಕೆಡದೆ ಉಳಿಯುತ್ತದೆ.

ಔಷಧವನ್ನು ಕೊಳ್ಳುವ ಮುನ್ನ ಬುಡದ ಮಣ್ಣನ್ನು ಬಗೆದು ನೋಡುವುದು, ಮಡಿಯ ಮೇಲೆ ನೆರಳು ಎಷ್ಟು ಹೊತ್ತು ನಿಲ್ಲುವುದೆಂದು ಎಣಿಸುವುದು, ಇವೆರಡೂ ಖರ್ಚಿಲ್ಲದ ಪ್ರಯೋಗಗಳು. ವಿದ್ಯಾರ್ಥಿಗಳು ತಮ್ಮ ಮನೆಯ ಹಿತ್ತಿಲಿನಲ್ಲಿಯೇ ಇವನ್ನು ಆರಂಭಿಸಬಹುದು.