ಕಾಲೇಜು ಕಬಡ್ಡಿಗೆ ಯಾವ ನಿಯಮ?

2023ರ ಅಕ್ಟೋಬರ್ 7, ಚೀನಾದ ಹಾಂಗ್‌ಝೌ. ಏಷ್ಯನ್ ಗೇಮ್ಸ್ ಪುರುಷರ ಕಬಡ್ಡಿ ಫೈನಲ್. ಭಾರತ 28, ಇರಾನ್ 28. ದಾಳಿಗಿಳಿದ ಭಾರತದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಬದಿಯ ಪಟ್ಟಿಯಾದ ಲಾಬಿಗೆ ಕಾಲಿಟ್ಟರು, ಬೆನ್ನಟ್ಟಿದ ಇರಾನ್ ಆಟಗಾರರೂ ಲಾಬಿಗೆ ಬಂದರು. ಅಂತರರಾಷ್ಟ್ರೀಯ ನಿಯಮದಲ್ಲಿ ಹಾಗೆ ಬಂದವರೆಲ್ಲ ಔಟ್. ಪ್ರೊ ಕಬಡ್ಡಿ ಲೀಗಿನ ನಿಯಮದಲ್ಲಿ ದಾಳಿಗಾರ ಮಾತ್ರ ಔಟ್. ಯಾವುದು ಸರಿ ಎಂಬ ಜಗಳಕ್ಕೆ ಪಂದ್ಯ ಸುಮಾರು ಒಂದು ತಾಸು ನಿಂತಿತು. ಭಾರತ 33-29ರಿಂದ ಗೆದ್ದಿತೇನೋ ಸರಿ. ಆದರೆ ಚಿನ್ನದ ಪಂದ್ಯದಲ್ಲೇ ಈ ಗೊಂದಲವಾದರೆ ನಮ್ಮ ಮುಕ್ಕುಂದ, ಮಸ್ಕಿ, ಲಿಂಗಸುಗೂರಿನ ಕಾಲೇಜು ಹುಡುಗರು ಯಾವ ನಿಯಮ ಕಲಿಯಬೇಕು?

ಅಂತರರಾಷ್ಟ್ರೀಯ ನಿಯಮವನ್ನೇ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಟಿವಿ ನೋಡುಗರಿಗಾಗಿ ಆಟಕ್ಕೆ ರಂಗು ತುಂಬಿತು, ಅದು ತಪ್ಪಲ್ಲ. ಆದರೆ ದೇಶದ ಅಂಗಿ ತೊಟ್ಟಾಗ ಆ ರಂಗು ಲೆಕ್ಕಕ್ಕಿಲ್ಲ. ಲೀಗೇ ಅಲ್ಲವೇ ಅನ್ನ ಕೊಡುವುದು, ಎನ್ನುತ್ತೀರಿ. ನಿಜ, ಆದರೆ ಅಲ್ಲಿಗೆ ಮುಟ್ಟುವವರು ಬೆರಳೆಣಿಕೆಯಷ್ಟು, ಮುಟ್ಟಿದವರಿಗೆ ತಂಡವೇ ಅಲ್ಲಿನ ನಿಯಮ ಕಲಿಸುತ್ತದೆ. ತಮ್ಮದೇ ನಿಯಮದಲ್ಲಿ ಆಡುವವರೂ ಇದ್ದಾರೆ: ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್ ಇಂದಿಗೂ 20 ನಿಮಿಷಗಳ ಎರಡು ಅವಧಿ ಆಡುತ್ತದೆ, ಜಗತ್ತು 10 ನಿಮಿಷಗಳ ನಾಲ್ಕು ಆಡಿದರೂ; ಅವರ ಕಾಲೇಜು ಟೂರ್ನಿಯೇ ದೊಡ್ಡ ಲೋಕ, ನಡೆಯುತ್ತದೆ. ನಮಗೆ ಆ ಐಷಾರಾಮವಿಲ್ಲ, ಅಂತರರಾಷ್ಟ್ರೀಯ ಅಂಕಣದಲ್ಲೇ ಗೆಲ್ಲಬೇಕು; 2018ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಇರಾನಿಗೇ ಸೋತರು. ಕಾಲೇಜಿನಲ್ಲಿ ಆಡಲು ಮ್ಯಾಟ್ ಇಲ್ಲ ಎನ್ನುವುದು ನೆಪವಲ್ಲ, ಕಷ್ಟ. ಆದರೂ ನಿಯಮಕ್ಕೆ ಮ್ಯಾಟ್ ಬೇಕಿಲ್ಲ, ಮಣ್ಣಿನ ಮೇಲೆ ಸುಣ್ಣದ ಗೆರೆ ಸಾಕು. ದೈಹಿಕ ಶಿಕ್ಷಣದ ಮೇಷ್ಟ್ರೇ, ಮುಂದಿನ ಪಂದ್ಯಕ್ಕೆ ಮುನ್ನ ಲಾಬಿಯ ನಿಯಮವನ್ನು ಎರಡೂ ತಂಡಕ್ಕೆ ಓದಿ ಹೇಳಿ.