ಅಣ್ಣನ ಸೈಕಲ್ಲು, ತಮ್ಮನ ನೆನಪು

ಬೆಳಗೊಳದ ಸುತ್ತಮುತ್ತಲ ಹಳ್ಳಿಗಳಲ್ಲಿ ಸೈಕಲ್ ಕಲಿಯುವುದೆಂದರೆ ಅಣ್ಣನೊಬ್ಬ ಇರಲೇಬೇಕು. ಒಳಪೆಡಲ್ ತುಳಿಯುತ್ತ ತಮ್ಮ ತಡವರಿಸುವಾಗ ಹಿಂದಿನ ಕ್ಯಾರಿಯರ್ ಹಿಡಿದು ಓಡಿಬರುವವನು ಅವನೇ. ಯಾವುದೋ ಒಂದು ಗಳಿಗೆಯಲ್ಲಿ ಅವನು ಸದ್ದಿಲ್ಲದೆ ಕೈ ಬಿಟ್ಟಿರುತ್ತಾನೆ. ತಮ್ಮ ತಿರುಗಿ ನೋಡುವ ಹೊತ್ತಿಗೆ ಅಣ್ಣ ದೂರದಲ್ಲಿ ನಿಂತು ನಗುತ್ತಿರುತ್ತಾನೆ! ಕಲಿತ ಮೇಲೆ ನಾಲೆಯ ಏರಿಯ ಮೇಲೆ ಇಬ್ಬರ ಸವಾರಿ, ಮನೆಯಲ್ಲಿ ಇಬ್ಬರಿಗೂ ಬೈಗುಳ: "ಓದೋದು ಬಿಟ್ಟು ಸೈಕಲ್ ಹೊಡ್ಕೊಂಡು ಅಲೀತವೆ."

ಇಂಥದೇ ಅಲೆದಾಟದಿಂದ ಜಗತ್ತಿಗೆ ವಿಮಾನ ಕೊಟ್ಟ ಅಣ್ಣತಮ್ಮಂದಿರಿದ್ದರು. ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್ ಹೆಸರು ಪಠ್ಯಪುಸ್ತಕ ಓದಿದ ಎಲ್ಲರಿಗೂ ಗೊತ್ತು. ಆದರೆ ಅಣ್ಣ ವಿಲ್ಬರ್ 45ನೆಯ ವಯಸ್ಸಿಗೇ ತೀರಿಕೊಂಡ. ತಮ್ಮ ಆರ್ವಿಲ್ ಅವನ ನೆನಪನ್ನು ಹೊತ್ತು ಮತ್ತೆ ಸುಮಾರು 36 ವರ್ಷ ಬದುಕಿದ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ವಿಲ್ಬರ್ ಹುಟ್ಟಿದ್ದು 1867ರ ಏಪ್ರಿಲ್ 16ರಂದು. ಆರ್ವಿಲ್ ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಅವರ ಊರು. ತಂದೆ ಮಿಲ್ಟನ್ ರೈಟ್ ಕ್ರೈಸ್ತ ಧರ್ಮಗುರು. ತಾಯಿ ಸೂಸನ್ ಉಪಕರಣ ಹಿಡಿದು ಏನಾದರೊಂದು ಮಾಡಬಲ್ಲ ಜಾಣೆ. ವಿಲ್ಬರ್ ಓದಿನಲ್ಲಿ ಮುಂದು. ಅವನನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಕಳಿಸುವ ಮಾತು ಮನೆಯಲ್ಲಿ ನಡೆದಿತ್ತು. ಅಷ್ಟರಲ್ಲಿ, 1885-86ರ ಚಳಿಗಾಲದಲ್ಲಿ, ಹಿಮದ ಮೇಲೆ ಹಾಕಿ ಆಡುತ್ತಿದ್ದಾಗ ಕೋಲೊಂದು ಮುಖಕ್ಕೆ ಬಡಿದು ಮುಂದಿನ ಹಲ್ಲುಗಳು ಹೋದವು. ಆರೋಗ್ಯ ಕೆಟ್ಟಿತು, ಮನಸ್ಸೂ ಕುಗ್ಗಿತು. ಕಾಲೇಜಿನ ಕನಸು ಅಲ್ಲಿಗೇ ನಿಂತಿತು. ಅದೇ ವೇಳೆಗೆ ತಾಯಿ ಕ್ಷಯದಿಂದ ಹಾಸಿಗೆ ಹಿಡಿದರು. 1889ರಲ್ಲಿ ಅವರು ಕಣ್ಮುಚ್ಚುವವರೆಗೂ ಮೇಲಿನ ಕೋಣೆಯಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎತ್ತಿಕೊಂಡು ಶುಶ್ರೂಷೆ ಮಾಡಿದವನು ಈ ಮಗನೇ. ಬಿಡುವಿನಲ್ಲಿ ತಂದೆಯ ಪುಸ್ತಕಗಳನ್ನೆಲ್ಲ ಓದಿದ. ಹೊರಗಿನವರ ಕಣ್ಣಿಗೆ ಮಾತ್ರ ಆತ ಮನೆಯಲ್ಲಿ ಕೂತ ಹುಡುಗ.

ಅವನನ್ನು ಮತ್ತೆ ಹೊರಗೆಳೆದದ್ದು ಸೈಕಲ್. ಎರಡೂ ಚಕ್ರ ಸಮನಾಗಿರುವ, ಇಂದು ನಾವು ಕಾಣುವ ಬಗೆಯ ಸೈಕಲ್ ಆಗ ಹೊಸತು. 1892ರಲ್ಲಿ ಆರ್ವಿಲ್ 160 ಡಾಲರ್ ಕೊಟ್ಟು ಹೊಚ್ಚಹೊಸ 'ಕೊಲಂಬಿಯಾ' ಕೊಂಡ. ಲೆಕ್ಕಾಚಾರದ ಅಣ್ಣ ಹರಾಜಿನಲ್ಲಿ 80 ಡಾಲರಿಗೆ ಹಳೆಯ 'ಈಗಲ್' ಹಿಡಿದು ತಂದ! ತಮ್ಮನಿಗೆ ಪಂದ್ಯದ ಹುಚ್ಚು; ಅಣ್ಣನಿಗೆ ಹಳ್ಳಿಯ ದಾರಿಗಳಲ್ಲಿ ನಿಧಾನವಾಗಿ, ದೂರ ದೂರ ಹೋಗುವ ಇಷ್ಟ. ಗೆಳೆಯರ ಸೈಕಲ್ ರಿಪೇರಿ ಮಾಡುತ್ತ ಮಾಡುತ್ತ ಅದೇ ವರ್ಷದ ಕೊನೆಗೆ ಇಬ್ಬರೂ ಅಂಗಡಿ ತೆರೆದರು. 1896ರಲ್ಲಿ ತಮ್ಮದೇ ಸೈಕಲ್ ತಯಾರಿಸತೊಡಗಿದರು. ಇಬ್ಬರಿಗೂ ಬ್ಯಾಂಕಿನಲ್ಲಿ ಒಂದೇ ಖಾತೆ. ಜಗಳಕ್ಕೂ ಕೊರತೆಯಿರಲಿಲ್ಲ. ಗಂಟೆಗಟ್ಟಲೆ ವಾದ ಮಾಡಿ, ಕೊನೆಗೆ ಅಣ್ಣ ತಮ್ಮನ ಪಕ್ಷಕ್ಕೆ, ತಮ್ಮ ಅಣ್ಣನ ಪಕ್ಷಕ್ಕೆ ಬಂದಿರುತ್ತಿದ್ದುದೂ ಉಂಟು.

ಅದೇ 1896ರಲ್ಲಿ ಆರ್ವಿಲ್‌ಗೆ ವಿಷಮಶೀತ ಜ್ವರ, ಅಂದರೆ ಟೈಫಾಯಿಡ್ ಬಂತು. ವಾರಗಟ್ಟಲೆ ಮೈಮೇಲೆ ಎಚ್ಚರವಿಲ್ಲ. ಅಣ್ಣ ವಿಲ್ಬರ್, ತಂಗಿ ಕ್ಯಾಥರಿನ್ ಸರದಿಯ ಮೇಲೆ ಪಕ್ಕದಲ್ಲಿ ಕುಳಿತು ಅವನನ್ನು ಉಳಿಸಿಕೊಂಡರು. ಆ ಆಗಸ್ಟ್‌ನಲ್ಲೇ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಗ್ಲೈಡರಿನಿಂದ ಬಿದ್ದು ಸತ್ತಿದ್ದ. ಆ ಸುದ್ದಿ ಓದಿದ ವಿಲ್ಬರನ ಮನಸ್ಸಿನಲ್ಲಿ ಹಾರಾಟದ ಹುಳು ಹೊಕ್ಕಿತು. ಹಾರಾಟದ ಬಗ್ಗೆ ಇರುವ ಪುಸ್ತಕಗಳ ವಿವರ ಕೋರಿ 1899ರ ಮೇ 30ರಂದು ಆತ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಪತ್ರ ಬರೆದ.

ಆ ಕಾಲದ ಅನೇಕರು ವಿಮಾನವೆಂದರೆ ದೋಣಿಯ ಹಾಗೆ ಅಲುಗಾಡದೆ ಸಾಗಬೇಕು ಎಂದುಕೊಂಡಿದ್ದರು. ಸೈಕಲ್ ಸವಾರನಾದ ವಿಲ್ಬರ್ ಬೇರೆ ದಾರಿ ಹಿಡಿದ. ಸೈಕಲ್ ತಾನಾಗಿ ನಿಲ್ಲುವುದಿಲ್ಲ. ಸವಾರ ಕ್ಷಣಕ್ಷಣವೂ ಅದನ್ನು ತಿದ್ದುತ್ತಿರುತ್ತಾನೆ. ವಿಮಾನವೂ ಹಾಗೆಯೇ ಇರಲಿ, ವಾಲಿಸಿ ತಿರುಗಿಸುವ ಹತೋಟಿ ಸವಾರನ ಕೈಯಲ್ಲಿರಲಿ ಎಂಬುದು ಅವನ ಯೋಚನೆ.

ಇದನ್ನು ವಿದ್ಯಾರ್ಥಿಗಳು ಬಯಲಿನಲ್ಲಿ ಸ್ವತಃ ಪರೀಕ್ಷಿಸಬಹುದು. ಎಡಕ್ಕೆ ತಿರುಗಬೇಕಾದಾಗ ಹ್ಯಾಂಡಲ್ ಮೊದಲು ಯಾವ ಕಡೆ ಹೋಗುತ್ತದೆ? ಎಡಕ್ಕೆ ಎನ್ನುವವರೇ ಹೆಚ್ಚು. ಸೈಕಲ್ ಓಡುತ್ತಿರುವಾಗ ನಿಜವಾಗಿ ಅದು ಕೂದಲೆಳೆಯಷ್ಟು ಬಲಕ್ಕೆ ತಿರುಗುತ್ತದೆ! ಆಗ ಚಕ್ರಗಳು ದೇಹದ ಅಡಿಯಿಂದ ಬಲಕ್ಕೆ ಸರಿಯುತ್ತವೆ, ಸವಾರ ಸೈಕಲ್ ಸಮೇತ ಎಡಕ್ಕೆ ವಾಲುತ್ತಾನೆ, ಆಮೇಲೆ ಹ್ಯಾಂಡಲ್ ಎಡಕ್ಕೆ ಬರುತ್ತದೆ. ವಿಲ್ಬರ್ ಈ ಪ್ರಶ್ನೆಯನ್ನು ಹತ್ತಾರು ಸವಾರರಿಗೆ ಹಾಕಿದ್ದ. ದಿನವೂ ಮಾಡುವ ಕೆಲಸವನ್ನು ಮೊದಲ ಸಲಕ್ಕೇ ಸರಿಯಾಗಿ ವಿವರಿಸಿದವರು ಅವನಿಗೆ ಸಿಗಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಗಿರಾಕಿಗೆ ಟ್ಯೂಬು ಕೊಟ್ಟು, ಖಾಲಿ ರಟ್ಟಿನ ಪೆಟ್ಟಿಗೆಯನ್ನು ಸುಮ್ಮನೆ ತಿರುಚುತ್ತ ನಿಂತಿದ್ದಾಗ ವಿಲ್ಬರ್‌ಗೆ ಉಪಾಯ ಹೊಳೆಯಿತು. ಎರಡು ರೆಕ್ಕೆಗಳ ತುದಿಗಳನ್ನೂ ಹೀಗೆಯೇ ತಿರುಚಿದರೆ ವಿಮಾನವನ್ನು ವಾಲಿಸಬಹುದಲ್ಲ!

1901ರ ಗ್ಲೈಡರ್ ಮಾತ್ರ ಲೆಕ್ಕ ಹಾಕಿದಷ್ಟು ಮೇಲಕ್ಕೇಳಲಿಲ್ಲ. ತಪ್ಪು ಗ್ಲೈಡರಿನದೋ, ಲಿಲಿಯೆಂಥಾಲನ ಕೋಷ್ಟಕದ್ದೋ? ಉತ್ತರ ಹುಡುಕಲು ಸಹೋದರರು ಸೈಕಲ್ ಹ್ಯಾಂಡಲಿನ ಮುಂದೆ ಮೂರನೆಯ ಚಕ್ರವೊಂದನ್ನು ಅಡ್ಡಡ್ಡಲಾಗಿ, ಸಲೀಸಾಗಿ ತಿರುಗುವಂತೆ ಕೂರಿಸಿದರು. ಅದರ ಅಂಚಿಗೆ ಒಂದು ಬಾಗಿದ ರೆಕ್ಕೆ, ಒಂದು ಚಪ್ಪಟೆ ತಗಡು. ರಭಸದಿಂದ ಪೆಡಲ್ ತುಳಿದರೆ ಎದುರುಗಾಳಿ ತಾನಾಗಿಯೇ ಸಿದ್ಧ. ಕೋಷ್ಟಕ ಸರಿಯಿದ್ದರೆ ಎರಡರ ಮೇಲಿನ ಬಲ ಸಮವಾಗಿ ಚಕ್ರ ನಿಂತಲ್ಲೇ ನಿಲ್ಲಬೇಕು. ಅದು ತಿರುಗಿಬಿಟ್ಟಿತು. ಆಗ ಆರು ಅಡಿ ಉದ್ದದ ಮರದ ಗಾಳಿ ಸುರಂಗ ಕಟ್ಟಿ, ಹ್ಯಾಕ್ಸಾ ಬ್ಲೇಡು, ಸೈಕಲ್ ಕಡ್ಡಿಗಳಿಂದ ತಕ್ಕಡಿ ಮಾಡಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು.

1903ರ ಡಿಸೆಂಬರ್ 17ರಂದು ಕಿಟ್ಟಿಹಾಕ್ ಬಳಿಯ ಮರಳು ಬಯಲಿನಲ್ಲಿ ಅವರ 'ಫ್ಲೈಯರ್' ನಾಲ್ಕು ಸಲ ಹಾರಿತು. ಮೊದಲ ಹಾರಾಟ ತಮ್ಮನದು: 12 ಸೆಕೆಂಡು, 120 ಅಡಿ. ಕೊನೆಯದು ಅಣ್ಣನದು: 59 ಸೆಕೆಂಡು, 852 ಅಡಿ. ಅದರ ಪಂಖಗಳನ್ನು ತಿರುಗಿಸಿದ್ದು ಸೈಕಲ್ಲಿನಲ್ಲಿರುವಂತೆಯೇ ಚೈನು ಮತ್ತು ಹಲ್ಲುಚಕ್ರ.

ಇಬ್ಬರೂ ಒಂದೇ ವಿಮಾನದಲ್ಲಿ ಹಾರಬಾರದೆಂದು ತಂದೆ ಕಟ್ಟಪ್ಪಣೆ ಮಾಡಿದ್ದರು. ಒಬ್ಬನಾದರೂ ಉಳಿಯಲಿ ಎಂಬುದು ಅವರ ಆಸೆ. 1910ರ ಮೇ 25ರಂದು ಒಂದೇ ಒಂದು ಸಲ ಅಪ್ಪಣೆ ಸಿಕ್ಕಿತು. ಅಣ್ಣತಮ್ಮ ಜೊತೆಯಾಗಿ ಹಾರಿದ್ದು ಅಷ್ಟೇ. ಅದೇ ದಿನ 81ರ ಮುದುಕ ತಂದೆಯನ್ನೂ ಆರ್ವಿಲ್ ಹಾರಿಸಿಕೊಂಡು ಬಂದ.

ತಂದೆ ಹೆದರಿದ್ದು ಆಕಾಶಕ್ಕೆ. ಸಾವು ಬಂದದ್ದು ನೆಲದ ಮೇಲೆ. 1896ರಲ್ಲಿ ತಮ್ಮನನ್ನು ಬಿಟ್ಟುಹೋದ ಟೈಫಾಯಿಡ್ 1912ರಲ್ಲಿ ಅಣ್ಣನನ್ನು ಹಿಡಿಯಿತು. ಕಲುಷಿತ ನೀರು, ಆಹಾರದಿಂದ ಹರಡುವ ಈ ಜ್ವರಕ್ಕೆ ಆಗ ಮದ್ದಿರಲಿಲ್ಲ. ಮೇ 30ರಂದು ವಿಲ್ಬರ್ ತೀರಿಕೊಂಡ. ಸ್ಮಿತ್‌ಸೋನಿಯನ್ನಿಗೆ ಪತ್ರ ಬರೆದು ಅಂದಿಗೆ ಸರಿಯಾಗಿ 13 ವರ್ಷ.

ಒಂಟಿಯಾದ ಆರ್ವಿಲ್ 1915ರಲ್ಲಿ ಕಂಪನಿ ಮಾರಿದ. 1918ರ ನಂತರ ವಿಮಾನ ನಡೆಸಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಹಟ ಬಿಡಲಿಲ್ಲ. ಹಾರಬಲ್ಲ ವಿಮಾನವನ್ನು ಮೊದಲು ರಚಿಸಿದ್ದು ತನ್ನ ಹಿಂದಿನ ಕಾರ್ಯದರ್ಶಿ ಲ್ಯಾಂಗ್ಲೆ ಎಂದು ಸ್ಮಿತ್‌ಸೋನಿಯನ್ ಸಾಧಿಸತೊಡಗಿತ್ತು. ಅಣ್ಣನ ದುಡಿಮೆಗೆ ಅನ್ಯಾಯವಾಯಿತೆಂದು ಆರ್ವಿಲ್ 1928ರಲ್ಲಿ ಫ್ಲೈಯರನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳಿಸಿಬಿಟ್ಟ. 1942ರಲ್ಲಿ ಸಂಸ್ಥೆ ತನ್ನ ಮಾತನ್ನು ಬಹಿರಂಗವಾಗಿ ಹಿಂತೆಗೆದುಕೊಂಡ ಮೇಲೆಯೇ ಅವನ ಮನಸ್ಸು ಕರಗಿದ್ದು. 1948ರ ಡಿಸೆಂಬರ್ 17ರಂದು ಫ್ಲೈಯರ್ ವಾಷಿಂಗ್ಟನ್ನಿನಲ್ಲಿ ಪ್ರತಿಷ್ಠಾಪನೆಗೊಂಡಿತು. ಅದನ್ನು ನೋಡಲು ಆರ್ವಿಲ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಆತನೂ ಹೋಗಿದ್ದ. ಟೈಫಾಯಿಡನ್ನು ಗುಣಪಡಿಸಬಲ್ಲ ಕ್ಲೋರಾಂಫೆನಿಕಾಲ್ ಔಷಧಿಯ ಯಶಸ್ವಿ ಪ್ರಯೋಗ ನಡೆದದ್ದೂ ಆ 1948ರಲ್ಲೇ.

ಈ ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಾಗೆಂದು ಓದು ಬೇಡವೆಂದಲ್ಲ. ಅವರು ಓದಿದಷ್ಟು ಓದಿದವರು ಕಡಿಮೆ. ಓದಿದ್ದನ್ನು ಸೈಕಲ್ ಮೇಲೆ ಕೂರಿಸಿ ಪರೀಕ್ಷಿಸಿದ್ದೇ ಅವರ ಹೆಚ್ಚುಗಾರಿಕೆ. ಮಕ್ಕಳು ಸೈಕಲ್ ಹೊರಗೆ ತೆಗೆದಾಗ ಎಲ್ಲಿಗೆ ಹೊರಟಿರಿ ಎಂದು ಕೇಳುವುದು ಹೆತ್ತವರ ಹಕ್ಕು. ಹಿಂತಿರುಗಿ ಬಂದಾಗ, ತಿರುವಿನಲ್ಲಿ ಹ್ಯಾಂಡಲ್ ಮೊದಲು ಯಾವ ಕಡೆ ಹೋಯಿತು ಎಂದೂ ಒಮ್ಮೆ ಕೇಳಿ ನೋಡಲಿ.